ಟಾಸ್ಕ್‌ಬಾರ್: ಐಕಾನ್‌ಗಳ ಜೋಡಣೆ ಮತ್ತು ಮಾರ್ಪಾಡು

ಕಂಪ್ಯೂಟರ್ ಪರದೆಯ ಒಂದು ಅಂಚಿನಲ್ಲಿ, ಹೆಚ್ಚಾಗಿ ತಳದಲ್ಲಿ, ಉದ್ದಕ್ಕೂ ಹರಡಿಕೊಂಡಿರುವ ಪಟ್ಟಿಯೇ ಟಾಸ್ಕ್‌ಬಾರ್. ಕಾರ್ಯಪಟ್ಟಿ ಎಂದು ಕನ್ನಡಿಸಬಹುದು, ಆದರೆ ಆಡುಮಾತಿನಲ್ಲಿ ಟಾಸ್ಕ್‌ಬಾರ್ ಎಂಬ ಹೆಸರೇ ನಿಂತಿದೆ. ಈಗ ಯಾವ ಯಾವ ಕಿಟಕಿಗಳು ತೆರೆದಿವೆ ಎಂದು ತೋರಿಸುವುದು ಇದರ ಒಂದು ಕೆಲಸ. ದಿನವೂ ಬೇಕಾಗುವ ತಂತ್ರಾಂಶಗಳನ್ನು ಕೈಗೆಟುಕುವಂತೆ ಇಡುವುದು ಇನ್ನೊಂದು. ಎರಡಕ್ಕೂ ಇರುವುದು ಅದೇ ಒಂದು ಗೇಣು ಜಾಗ. ಐಕಾನ್ ದೊಡ್ಡದಿರಬೇಕೆ ಚಿಕ್ಕದೆ, ಪಕ್ಕದಲ್ಲಿ ಹೆಸರು ಬೇಕೆ ಬೇಡವೆ, ಒಂದೇ ತಂತ್ರಾಂಶದ ಹತ್ತು ಕಿಟಕಿಗಳನ್ನು ಒಂದೇ ಐಕಾನಿನಡಿ ಗುಡ್ಡೆ ಹಾಕಬೇಕೆ ಬಿಡಿಬಿಡಿಯಾಗಿ ತೋರಿಸಬೇಕೆ ಎಂಬ ಪ್ರಶ್ನೆಗಳೆಲ್ಲ ಈ ಪೈಪೋಟಿಯಿಂದಲೇ ಹುಟ್ಟಿದವು. ಇಲ್ಲಿ ಮುಖ್ಯವಾಗಿ ಮೈಕ್ರೊಸಾಫ್ಟ್ ವಿಂಡೋಸ್‌ನ ಟಾಸ್ಕ್‌ಬಾರನ್ನು ಕುರಿತು ಹೇಳಿ, ಬೇರೆ ವ್ಯವಸ್ಥೆಗಳನ್ನು ಹೋಲಿಕೆಗೆ ತಕ್ಕಷ್ಟು ಪ್ರಸ್ತಾಪಿಸಲಾಗಿದೆ.

ಹುಟ್ಟು

1985ರ ನವೆಂಬರ್‌ನಲ್ಲಿ ಬಂದ ವಿಂಡೋಸ್‌ನ ಮೊದಲ ಆವೃತ್ತಿಯಲ್ಲೇ ಪರದೆಯ ತಳದಲ್ಲಿ ಐಕಾನ್‌ಗಳಿಗೆಂದು ಒಂದು ಸಾಲು ಇತ್ತು. ಆಗ ಕಿಟಕಿಗಳು ಒಂದರ ಮೇಲೊಂದು ಕೂರುತ್ತಿರಲಿಲ್ಲ, ನೆಲಕ್ಕೆ ಹಾಸಿದ ಕಲ್ಲುಗಳಂತೆ ಅಕ್ಕಪಕ್ಕ ಇರುತ್ತಿದ್ದವು. ಹಾಗಾಗಿ ಆ ಸಾಲು ಸದಾ ಕಣ್ಣೆದುರೇ ಇರುತ್ತಿತ್ತು. ಮುಂದಿನ ಆವೃತ್ತಿಗಳಲ್ಲಿ ಕಿಟಕಿಗಳು ಒಂದನ್ನೊಂದು ಮುಚ್ಚತೊಡಗಿದಾಗ ತೊಂದರೆ ಶುರುವಾಯಿತು. ವಿಂಡೋಸ್ 3.1ರಲ್ಲಿ ಮಿನಿಮೈಸ್ ಮಾಡಿದ ಕಿಟಕಿ ಐಕಾನಾಗಿ ಡೆಸ್ಕ್‌ಟಾಪಿನ ತಳಕ್ಕೆ ಇಳಿಯುತ್ತಿತ್ತು. ಅದರ ಮೇಲೆ ಇನ್ನೊಂದು ಕಿಟಕಿ ಹರಡಿಕೊಂಡಿದ್ದರೆ ಐಕಾನ್ ಅದರ ಹಿಂದೆ ಮರೆಯಾಗುತ್ತಿತ್ತು. ಹೊಸಬರು ತಂತ್ರಾಂಶ ಮುಚ್ಚಿಹೋಯಿತೆಂದೇ ತಿಳಿದು ಅದನ್ನು ಮತ್ತೊಮ್ಮೆ ತೆರೆಯುತ್ತಿದ್ದರು.

ಅಷ್ಟರಲ್ಲಿ ಬೇರೆಯವರು ಈ ದಾರಿಯಲ್ಲಿ ಮುಂದೆ ಹೋಗಿದ್ದರು. ಬ್ರಿಟನ್ನಿನ ಏಕಾರ್ನ್ ಸಂಸ್ಥೆ 1987ರಲ್ಲಿ ತನ್ನ ಆರ್ಕಿಮಿಡೀಸ್ ಕಂಪ್ಯೂಟರಿಗೆ ಕೊಟ್ಟ ಆರ್ಥರ್ ವ್ಯವಸ್ಥೆಯಲ್ಲಿ ಐಕಾನ್ ಬಾರ್ ಇತ್ತು. ಮುಂದೆ ರಿಸ್ಕ್ ಓಎಸ್ ಎನಿಸಿಕೊಂಡ ಆ ವ್ಯವಸ್ಥೆಯಲ್ಲಿ ಬಾರಿನ ಎಡಗಡೆ ಡಿಸ್ಕುಗಳು, ಬಲಗಡೆ ತಂತ್ರಾಂಶಗಳು. 1989ರಲ್ಲಿ ಸ್ಟೀವ್ ಜಾಬ್ಸ್‌ರ ನೆಕ್ಸ್ಟ್ ಸಂಸ್ಥೆಯಿಂದ ಬಂದ ನೆಕ್ಸ್ಟ್‌ಸ್ಟೆಪ್ ಪರದೆಯ ಬಲ ಅಂಚಿನಲ್ಲಿ ಡಾಕ್ ಎಂಬ ಐಕಾನ್ ಕಂಬವನ್ನು ನಿಲ್ಲಿಸಿತು. ಅದರಲ್ಲೊಂದು ತಮಾಷೆಯಿದೆ. ಇಂದು ಐಕಾನಿನ ಕೆಳಗೆ ಚುಕ್ಕೆ ಕಂಡರೆ ತಂತ್ರಾಂಶ ತೆರೆದಿದೆ ಎಂದು ಅರ್ಥ. ನೆಕ್ಸ್ಟ್‌ನಲ್ಲಿ ಇದು ತಿರುಗುಮುರುಗು: ಮೂಲೆಯಲ್ಲಿ ಮೂರು ಚುಕ್ಕೆ ಇದ್ದರೆ ತಂತ್ರಾಂಶ ಇನ್ನೂ ತೆರೆದಿಲ್ಲ, ಚುಕ್ಕೆ ಹೋದರೆ ತೆರೆದಿದೆ.

ವಿಂಡೋಸ್ 95 ಬಿಡುಗಡೆಯಾದದ್ದು 1995ರ ಆಗಸ್ಟ್ 24ರಂದು. ಅದರೊಂದಿಗೆ ಟಾಸ್ಕ್‌ಬಾರ್ ಈಗಿನ ರೂಪಕ್ಕೆ ಬಂತು: ಎಡ ತುದಿಯಲ್ಲಿ ಸ್ಟಾರ್ಟ್ ಬಟನ್, ನಡುವೆ ತೆರೆದ ಪ್ರತಿ ಕಿಟಕಿಗೂ ಹೆಸರು ಬರೆದ ಒಂದೊಂದು ಬಟನ್, ಬಲ ತುದಿಯಲ್ಲಿ ಗಡಿಯಾರ ಮತ್ತು ಪುಟ್ಟ ಐಕಾನ್‌ಗಳ ಗೂಡು. ಡ್ಯಾನಿ ಓರನ್ ಮತ್ತು ಸಂಗಡಿಗರ ಹೆಸರಿನಲ್ಲಿ ಇದಕ್ಕೆ ಅಮೆರಿಕದ ಪೇಟೆಂಟ್ ದೊರೆತಿದೆ. ತಯಾರಿಯ ಹಂತದಲ್ಲಿ ಇದನ್ನು ತಟ್ಟೆ ಎಂಬರ್ಥದ 'ಟ್ರೇ' ಎಂದು ಕರೆಯುತ್ತಿದ್ದರು. ಆ ಹೆಸರು ಇಂದಿಗೂ ವಿಂಡೋಸ್‌ನ ಒಳಗೆ ಉಳಿದಿದೆ. ತಂತ್ರಜ್ಞರು ಅಗೆದು ನೋಡಿದರೆ ಟಾಸ್ಕ್‌ಬಾರಿನ ಕಿಟಕಿಗೆ 'ಶೆಲ್_ಟ್ರೇವಿಂಡ್' ಎಂಬ ಹೆಸರೇ ಕಾಣುತ್ತದೆ. ಗಡಿಯಾರದ ಪಕ್ಕದ ಗೂಡನ್ನು ಜನ ಸಿಸ್ಟಮ್ ಟ್ರೇ ಎನ್ನುವುದಕ್ಕೂ ಆ ಹೆಸರಿನ ನಂಟಿದೆ.

ಪರದೆಯ ಅಂಚನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಗುರಿ ದೊಡ್ಡದಿದ್ದಷ್ಟೂ ಹತ್ತಿರವಿದ್ದಷ್ಟೂ ಕೈ ಬೇಗ ತಲುಪುತ್ತದೆ ಎಂದು ಪಾಲ್ ಫಿಟ್ಸ್ 1954ರಲ್ಲೇ ಸೂತ್ರ ಕೊಟ್ಟಿದ್ದರು. ಮೌಸಿನ ಬಾಣ ಅಂಚನ್ನು ದಾಟಿ ಹೋಗಲಾರದು. ಆದ್ದರಿಂದ ಅಂಚಿನಲ್ಲಿರುವ ಬಟನ್ನಿಗೆ ಗುರಿ ತಪ್ಪುವ ಭಯವಿಲ್ಲ, ಕಣ್ಣುಮುಚ್ಚಿ ತಳ್ಳಿದರೂ ಸಾಕು. ಇಷ್ಟು ಲೆಕ್ಕ ಹಾಕಿದ ವಿಂಡೋಸ್ 95 ಸ್ಟಾರ್ಟ್ ಬಟನ್ನಿಗೂ ಪರದೆಯ ಮೂಲೆಗೂ ನಡುವೆ ಒಂದೆರಡು ಪಿಕ್ಸೆಲ್ ಅಂತರ ಬಿಟ್ಟಿತ್ತು! ತೀರಾ ಮೂಲೆಯಲ್ಲಿ ಕ್ಲಿಕ್ ಮಾಡಿದರೆ ಏನೂ ಆಗುತ್ತಿರಲಿಲ್ಲ. ಆ ಲೋಪವನ್ನು ಮುಂದಿನ ಆವೃತ್ತಿಗಳಲ್ಲಿ ಸರಿಪಡಿಸಿದರು.

ಹೆಸರಿನಿಂದ ಐಕಾನಿಗೆ

ಆರಂಭದ ಟಾಸ್ಕ್‌ಬಾರಿನಲ್ಲಿ ಹೆಸರಿಗೇ ಪ್ರಾಧಾನ್ಯ, ಐಕಾನ್ ಅದರ ಪಕ್ಕದ ಬೊಟ್ಟಿನಷ್ಟೇ. ಕಿಟಕಿಗಳು ಹೆಚ್ಚಿದಂತೆ ಬಟನ್ನುಗಳು ಸಣಕಲಾಗಿ, ಕೊನೆಗೆ ಹೆಸರಿನ ಮೊದಲ ಒಂದೆರಡು ಅಕ್ಷರ ಮಾತ್ರ ಉಳಿಯುತ್ತಿದ್ದವು. ತಂತ್ರಾಂಶ ತೆರೆಯುವ ಐಕಾನ್‌ಗಳಿಗೆಂದು ಕ್ವಿಕ್ ಲಾಂಚ್ ಎಂಬ ಪ್ರತ್ಯೇಕ ಪುಟ್ಟ ಪಟ್ಟಿ 1997ರ ಇಂಟರ್ನೆಟ್ ಎಕ್ಸ್‌ಪ್ಲೋರರ್ 4ರ ಜೊತೆ ಬಂತು. 2001ರ ವಿಂಡೋಸ್ ಎಕ್ಸ್‌ಪಿ ಜಾಗ ಸಾಲದಾದಾಗ ಒಂದೇ ತಂತ್ರಾಂಶದ ಕಿಟಕಿಗಳನ್ನು ಒಂದು ಬಟನ್ನಿನಡಿ ಸೇರಿಸಲು ಕಲಿಯಿತು. 2007ರಲ್ಲಿ ಮಾರುಕಟ್ಟೆಗೆ ಬಂದ ವಿಸ್ತಾದಲ್ಲಿ ಬಟನ್ ಮೇಲೆ ಮೌಸ್ ಇಟ್ಟರೆ ಕಿಟಕಿಯ ಪುಟಾಣಿ ಚಿತ್ರ ಮೂಡುತ್ತಿತ್ತು.

ನಿಜವಾದ ತಿರುವು 2009ರ ಅಕ್ಟೋಬರ್ 22ರಂದು ಬಂದ ವಿಂಡೋಸ್ 7. ತೆರೆಯುವ ಐಕಾನ್ ಬೇರೆ, ತೆರೆದ ಕಿಟಕಿಯ ಬಟನ್ ಬೇರೆ ಎಂಬ ಭೇದವನ್ನೇ ಅದು ಅಳಿಸಿಹಾಕಿತು. ಬೇಕಾದ ತಂತ್ರಾಂಶವನ್ನು ಟಾಸ್ಕ್‌ಬಾರಿಗೆ ಪಿನ್ ಮಾಡಿದರಾಯಿತು. ತೆರೆಯುವ ಮೊದಲೂ ಅದೇ ಐಕಾನ್, ತೆರೆದ ಮೇಲೂ ಅದೇ, ಅದೇ ಜಾಗದಲ್ಲಿ. ಹೆಸರುಗಳು ಮಾಯವಾಗಿ ಐಕಾನ್ ದೊಡ್ಡದಾಯಿತು. ಅದರ ಮೇಲೆ ರೈಟ್ ಕ್ಲಿಕ್ ಮಾಡಿದರೆ ಇತ್ತೀಚೆಗೆ ತೆರೆದ ಕಡತಗಳ ಜಂಪ್ ಲಿಸ್ಟ್ ಬರುತ್ತದೆ. ಕಡತ ನಕಲಾಗುತ್ತಿದ್ದರೆ ಐಕಾನಿನ ಹಿಂದೆ ಹಸಿರು ಪಟ್ಟಿ ತುಂಬುತ್ತಾ ಹೋಗುತ್ತದೆ, ತಡೆಹಿಡಿದರೆ ಹಳದಿ, ಕೆಟ್ಟರೆ ಕೆಂಪು. ಮೌಸ್ ಐಕಾನಿನ ಮೇಲೆ ಹಾಯ್ದಾಗ ಹೊಳೆಯುವ ಬೆಳಕಿನ ಬಣ್ಣವನ್ನು ಆ ಐಕಾನಿನಲ್ಲಿ ಎದ್ದು ಕಾಣುವ ಬಣ್ಣದಿಂದಲೇ ಆರಿಸಲಾಗುತ್ತಿತ್ತು. ಈ ಸೊಗಸು ವಿಂಡೋಸ್ 8ರ ಸಪಾಟು ವಿನ್ಯಾಸದ ಬಳಿಕ ಕಳೆಗುಂದಿತು.

ಮ್ಯಾಕ್ ಬಳಸುವವರಿಗೆ ಇದೆಲ್ಲ ಹೊಸತಾಗಿರಲಿಲ್ಲ. ನೆಕ್ಸ್ಟ್ ಸಂಸ್ಥೆಯನ್ನು ಆಪಲ್ ಕೊಂಡ ಮೇಲೆ ಅದರ ಡಾಕ್ 2001ರ ಮ್ಯಾಕ್ ಓಎಸ್ ಟೆನ್‌ಗೆ ಬಂದು, ಪಿನ್ ಮಾಡಿದ್ದನ್ನೂ ತೆರೆದದ್ದನ್ನೂ ಒಟ್ಟಿಗೇ ತೋರಿಸುತ್ತಿತ್ತು. ಆದರೂ ಒಂದು ಭೇದ ಉಳಿಯಿತು. ಹಳೆಯ ಹೆಸರಿನ ಬಟನ್ನೇ ಬೇಕೆನ್ನುವವರಿಗೆ ವಿಂಡೋಸ್ 7 ಆ ದಾರಿಯನ್ನು ತೆರೆದಿಟ್ಟಿತ್ತು.

ಗುಂಪು ಮಾಡುವ ಮೂರು ಬಗೆ

ಟಾಸ್ಕ್‌ಬಾರಿನ ಮಾರ್ಪಾಡುಗಳಲ್ಲಿ ಬಳಕೆದಾರನ ದಿನಚರಿಯನ್ನೇ ಬದಲಿಸುವಂಥದ್ದು ಕಿಟಕಿಗಳನ್ನು ಗುಂಪು ಮಾಡುವ ಬಗೆಯೊಂದೇ ಎನ್ನಬಹುದು. ಇಲ್ಲಿ ಮೂರು ಆಯ್ಕೆಗಳು: ಯಾವಾಗಲೂ ಗುಂಪು ಮಾಡಿ ಹೆಸರು ಮರೆಮಾಡು, ಪಟ್ಟಿ ತುಂಬಿದಾಗ ಮಾತ್ರ ಗುಂಪು ಮಾಡು, ಎಂದೂ ಗುಂಪು ಮಾಡಬೇಡ. ವಿಂಡೋಸ್ ಈ ಆಯ್ಕೆಯನ್ನು ತನ್ನ ಸೆಟ್ಟಿಂಗ್ಸ್ ಕಣಜವಾದ ರಿಜಿಸ್ಟ್ರಿಯಲ್ಲಿ 'ಟಾಸ್ಕ್‌ಬಾರ್‌ಗ್ಲಾಮ್‌ಲೆವೆಲ್' ಎಂಬ ಹೆಸರಿನಲ್ಲಿ 0, 1, 2 ಎಂಬ ಅಂಕಿಯಾಗಿ ಬರೆದಿಟ್ಟುಕೊಳ್ಳುತ್ತದೆ.

ವ್ಯತ್ಯಾಸ ತಿಳಿಯಲು ಒಂದು ಕಚೇರಿಯ ಮೇಜಿಗೆ ಬರೋಣ. ಗುಮಾಸ್ತರೊಬ್ಬರು ವರ್ಡ್‌ನಲ್ಲಿ ಐದು ಪತ್ರ, ಎಕ್ಸೆಲ್‌ನಲ್ಲಿ ಎರಡು ಲೆಕ್ಕದ ಹಾಳೆ ತೆರೆದುಕೊಂಡಿದ್ದಾರೆ. ಮೊದಲ ಬಗೆಯಲ್ಲಿ ಅವರಿಗೆ ಕಾಣುವುದು ಎರಡೇ ಐಕಾನ್. ಮೂರನೆಯ ಪತ್ರ ಬೇಕಾದರೆ ವರ್ಡ್ ಐಕಾನಿಗೆ ಮೌಸ್ ಒಯ್ದು, ಪುಟಾಣಿ ಚಿತ್ರಗಳು ಮೂಡುವವರೆಗೆ ಕಾದು, ಒಂದೇ ತೆರನಾಗಿ ಕಾಣುವ ಐದು ಬಿಳಿ ಹಾಳೆಗಳಲ್ಲಿ ತಮ್ಮದು ಯಾವುದೆಂದು ಹುಡುಕಿ, ಅದನ್ನು ಒತ್ತಬೇಕು. ಮೂರನೆಯ ಬಗೆಯಲ್ಲಿ ಏಳೂ ಹೆಸರುಗಳು ಸಾಲಾಗಿ ಕಾಣುತ್ತವೆ, ಒಂದು ಕ್ಲಿಕ್ಕಿಗೆ ಕೆಲಸ ಮುಗಿಯಿತು. ದಿನಕ್ಕೆ ಇನ್ನೂರು ಸಲ ಕಿಟಕಿ ಬದಲಿಸುವವರಿಗೆ ಇದು ಸಣ್ಣ ಉಳಿತಾಯವಲ್ಲ. ಅದೇ ಮನೆಯಲ್ಲಿ ಒಂದು ಬ್ರೌಸರ್, ಒಂದು ಹಾಡಿನ ತಂತ್ರಾಂಶ, ಒಂದು ವಾಟ್ಸ್‌ಆಪ್ ತೆರೆದು ಕೂತವರಿಗೆ ಹೆಸರುಗಳು ಬರೀ ಗದ್ದಲ. ಕಡತದಿಂದ ಕಡತಕ್ಕೆ ಓಡಾಡುವವರಿಗೆ ಹೆಸರು, ತಂತ್ರಾಂಶದಿಂದ ತಂತ್ರಾಂಶಕ್ಕೆ ಓಡಾಡುವವರಿಗೆ ಐಕಾನ್. ತಯಾರಕರು ಎಲ್ಲರಿಗೂ ಐಕಾನನ್ನೇ ಬಡಿಸುತ್ತಿರುವುದು ಈ ಲೇಖಕನ ಮಟ್ಟಿಗೆ ತಪ್ಪು ಲೆಕ್ಕಾಚಾರ.

ಗುಂಪು ಮಾಡಿಯೂ ಬೇಗ ತಲುಪಲು ಕೀಲಿಗಳಿವೆ. ಕಂಟ್ರೋಲ್ ಒತ್ತಿ ಐಕಾನನ್ನು ಕ್ಲಿಕ್ ಮಾಡಿದರೆ ಆ ಗುಂಪಿನಲ್ಲಿ ಕೊನೆಗೆ ಬಳಸಿದ ಕಿಟಕಿಯೇ ಎದುರಿಗೆ ಬರುತ್ತದೆ. ವಿಂಡೋಸ್ ಕೀಲಿಯ ಜೊತೆ 1ರಿಂದ 9ರವರೆಗಿನ ಅಂಕಿ ಒತ್ತಿದರೆ ಎಡದಿಂದ ಅಷ್ಟನೆಯ ಐಕಾನ್ ತೆರೆಯುತ್ತದೆ. ಶಿಫ್ಟ್ ಒತ್ತಿ ಕ್ಲಿಕ್ ಮಾಡಿದರೆ ಅದೇ ತಂತ್ರಾಂಶದ ಇನ್ನೊಂದು ಕಿಟಕಿ.

ಯಾವ ಕಿಟಕಿ ಯಾವ ಗುಂಪಿಗೆ ಸೇರಬೇಕು ಎಂಬುದನ್ನು ವಿಂಡೋಸ್ 7ರಿಂದೀಚೆಗೆ ಪ್ರತಿ ತಂತ್ರಾಂಶಕ್ಕೂ ಇರುವ ಒಂದು ಗುಪ್ತನಾಮ ನಿರ್ಧರಿಸುತ್ತದೆ. ಗುಪ್ತನಾಮ ಒಂದೇ ಆದರೆ ಒಂದೇ ಐಕಾನಿನಡಿ, ಬೇರೆಯಾದರೆ ಬೇರೆ. ಕ್ರೋಮ್ ಬ್ರೌಸರಿನಲ್ಲಿ ಮನೆಯದೊಂದು ಕಚೇರಿಯದೊಂದು ಪ್ರೊಫೈಲ್ ಇಟ್ಟುಕೊಂಡವರಿಗೆ ಟಾಸ್ಕ್‌ಬಾರಿನಲ್ಲಿ ಎರಡು ಕ್ರೋಮ್ ಐಕಾನ್ ಕಾಣುವುದು ಇದರಿಂದಲೇ. ಪಿನ್ ಮಾಡಿದ ಐಕಾನನ್ನು ಒತ್ತಿದಾಗ ಅದರ ಪಕ್ಕದಲ್ಲೇ ಮತ್ತೊಂದು ಐಕಾನ್ ಹುಟ್ಟಿಕೊಂಡರೆ, ಶಾರ್ಟ್‌ಕಟ್ಟಿನ ಗುಪ್ತನಾಮವೂ ಕಿಟಕಿಯ ಗುಪ್ತನಾಮವೂ ತಾಳೆಯಾಗಿಲ್ಲ ಎಂದು ತಿಳಿಯಬೇಕು. ತೆರೆದ ಕಿಟಕಿಯ ಐಕಾನನ್ನೇ ಹೊಸದಾಗಿ ಪಿನ್ ಮಾಡಿ ಹಳೆಯದನ್ನು ತೆಗೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಗಾತ್ರ ಮತ್ತು ಚಿತ್ರ

ಐಕಾನ್ ಎಂದರೆ ಒಂದೇ ಚಿತ್ರವಲ್ಲ. ಐಸಿಒ ಎಂಬ ಒಂದೇ ಕಡತದೊಳಗೆ 16, 32, 48, 256 ಪಿಕ್ಸೆಲ್ ಅಗಲದ ಹಲವು ಚಿತ್ರಗಳು ಒಂದರೊಳಗೊಂದು ಡಬ್ಬಿಯಿಟ್ಟಂತೆ ಇರುತ್ತವೆ. ಪರದೆಗೆ ಬೇಕಾದ ಗಾತ್ರವನ್ನು ವಿಂಡೋಸ್ ಆರಿಸಿಕೊಳ್ಳುತ್ತದೆ. ತಕ್ಕ ಗಾತ್ರ ಸಿಗದಿದ್ದರೆ ಇದ್ದುದನ್ನೇ ಹಿಗ್ಗಿಸುತ್ತದೆ ಅಥವಾ ಕುಗ್ಗಿಸುತ್ತದೆ. ಕೆಲವು ಹಳೆಯ ತಂತ್ರಾಂಶಗಳ ಐಕಾನ್ ಮಸುಕಾಗಿ, ಅಂಚು ಹಲ್ಲುಹಲ್ಲಾಗಿ ಕಾಣುವುದು ಹೀಗೆ. ವಿಂಡೋಸ್ 7ರ ಟಾಸ್ಕ್‌ಬಾರ್ 40 ಪಿಕ್ಸೆಲ್ ಎತ್ತರವಿದ್ದು ಐಕಾನ್ 32 ಪಿಕ್ಸೆಲ್ ಇತ್ತು. ವಿಂಡೋಸ್ 11ರಲ್ಲಿ ಪಟ್ಟಿ 48 ಪಿಕ್ಸೆಲ್‌ಗೆ ಬೆಳೆದರೂ ಐಕಾನ್ 24ಕ್ಕೆ ಇಳಿದಿದೆ, ಉಳಿದದ್ದು ಖಾಲಿ ಜಾಗ. ಇವು ಸಾಧಾರಣ ಪರದೆಯ ಅಳತೆಗಳು. ಪರದೆಯ ಸ್ಕೇಲ್ ಹೆಚ್ಚಿಸಿದರೆ ಎಲ್ಲವೂ ಅದೇ ಪ್ರಮಾಣದಲ್ಲಿ ಹಿಗ್ಗುತ್ತವೆ.

ವಿಂಡೋಸ್ 7ರಿಂದ 10ರವರೆಗೆ ಚಿಕ್ಕ ಐಕಾನ್ ಬಳಸುವ ಆಯ್ಕೆ ಇತ್ತು. ಅದನ್ನು ಆರಿಸಿದರೆ ಪಟ್ಟಿಯೂ ತೆಳುವಾಗಿ ಲ್ಯಾಪ್‌ಟಾಪಿನ ಪುಟ್ಟ ಪರದೆಯಲ್ಲಿ ಒಂದು ಸಾಲಿನಷ್ಟು ಜಾಗ ಉಳಿಯುತ್ತಿತ್ತು. ಆದರೆ ಅದಕ್ಕೊಂದು ಬೆಲೆಯಿತ್ತು: ಇಷ್ಟು ಮೇಲ್ ಬಂದಿದೆ ಎಂದು ಐಕಾನಿನ ಮೂಲೆಯಲ್ಲಿ ತೋರುವ ಬ್ಯಾಡ್ಜ್ ಚಿಕ್ಕ ಐಕಾನಿನ ಮೇಲೆ ಕಾಣುತ್ತಿರಲಿಲ್ಲ.

ಐಕಾನಿನ ಚಿತ್ರವನ್ನೇ ಬದಲಿಸುವುದೂ ಸಾಧ್ಯ. ಪಿನ್ ಮಾಡಿದ ಐಕಾನಿನ ಮೇಲೆ ರೈಟ್ ಕ್ಲಿಕ್ ಮಾಡಿದಾಗ ಬರುವ ಪಟ್ಟಿಯಲ್ಲಿ ತಂತ್ರಾಂಶದ ಹೆಸರಿರುತ್ತದೆ. ಆ ಹೆಸರಿನ ಮೇಲೆ ಮತ್ತೊಮ್ಮೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದು, ಶಾರ್ಟ್‌ಕಟ್ ಪುಟದಲ್ಲಿ ಚೇಂಜ್ ಐಕಾನ್ ಒತ್ತಬೇಕು. ಮೊದಲ ಪಟ್ಟಿಯಲ್ಲೇ ಪ್ರಾಪರ್ಟೀಸ್ ಹುಡುಕಿ ಸೋತವರೇ ಹೆಚ್ಚು. ವಿಂಡೋಸ್‌ನದೇ ಚಿತ್ರಭಂಡಾರ ಬೇಕಾದರೆ ಶೆಲ್32, ಇಮೇಜ್‌ರೆಸ್ ಎಂಬ ಡಿಎಲ್‌ಎಲ್ ಕಡತಗಳಲ್ಲಿ ನೂರಾರು ಐಕಾನ್‌ಗಳಿವೆ. ಬದಲಿಸಿದ ಮೇಲೂ ಹಳೆಯ ಚಿತ್ರವೇ ಕಂಡರೆ ಗಾಬರಿ ಬೇಡ. ವಿಂಡೋಸ್ ಐಕಾನ್‌ಗಳ ನಕಲನ್ನು ಪ್ರತ್ಯೇಕವಾಗಿ ಕೂಡಿಟ್ಟುಕೊಂಡಿರುತ್ತದೆ. ಟಾಸ್ಕ್ ಮ್ಯಾನೇಜರಿನಲ್ಲಿ ವಿಂಡೋಸ್ ಎಕ್ಸ್‌ಪ್ಲೋರರನ್ನು ರೀಸ್ಟಾರ್ಟ್ ಮಾಡಿದರೆ ಹೊಸದು ಬರುತ್ತದೆ. ಮೈಕ್ರೊಸಾಫ್ಟ್ ಸ್ಟೋರಿನಿಂದ ಹಾಕಿಕೊಂಡ ಅಪ್ಲಿಕೇಶನ್‌ಗಳಿಗೆ ಈ ಉಪಾಯ ನಡೆಯದು.

ಪಿನ್ ಮಾಡಿದ ಶಾರ್ಟ್‌ಕಟ್‌ಗಳು ಕೂರುವ ಫೋಲ್ಡರಿನ ವಿಳಾಸ ಸ್ವಾರಸ್ಯಕರವಾಗಿದೆ. ಬಳಕೆದಾರನ ಆಪ್‌ಡೇಟಾದೊಳಗೆ ಮೈಕ್ರೊಸಾಫ್ಟ್, ಅದರೊಳಗೆ ಇಂಟರ್ನೆಟ್ ಎಕ್ಸ್‌ಪ್ಲೋರರ್, ಅದರೊಳಗೆ ಕ್ವಿಕ್ ಲಾಂಚ್, ಯೂಸರ್ ಪಿನ್ಡ್, ಕೊನೆಗೆ ಟಾಸ್ಕ್‌ಬಾರ್. ಇಂಟರ್ನೆಟ್ ಎಕ್ಸ್‌ಪ್ಲೋರರಿಗೆ 2022ರ ಜೂನ್ 15ರಂದು ನಿವೃತ್ತಿಯಾಗಿದೆ, ಕ್ವಿಕ್ ಲಾಂಚ್ ಅದಕ್ಕೂ ಎಷ್ಟೋ ಮೊದಲೇ ಮೂಲೆ ಸೇರಿದೆ. ಮನೆ ಮಾರಿದರೂ ಗೇಟಿನ ಮೇಲಿನ ಹಳೆಯ ಯಜಮಾನನ ಹೆಸರು ಹೋಗಿಲ್ಲ.

ವಿಂಡೋಸ್ 11ರ ಕತೆ

2021ರ ಅಕ್ಟೋಬರ್ 5ರಂದು ಬಂದ ವಿಂಡೋಸ್ 11 ಐಕಾನ್‌ಗಳನ್ನು ಮಧ್ಯಕ್ಕೆ ತಂದಿತು. ಟಾಸ್ಕ್‌ಬಾರನ್ನು ಹೊಸದಾಗಿ ಬರೆದ ಭರದಲ್ಲಿ ಹಳೆಯ ಹಲವು ಅನುಕೂಲಗಳು ಬಿಟ್ಟುಹೋದವು: ಹೆಸರು ತೋರಿಸುವುದು, ಗುಂಪು ಬಿಡಿಸುವುದು, ಚಿಕ್ಕ ಐಕಾನ್, ಪಟ್ಟಿಯನ್ನು ಪರದೆಯ ಮೇಲಕ್ಕೋ ಪಕ್ಕಕ್ಕೋ ಒಯ್ಯುವುದು. ಒಂದು ಕಡತವನ್ನು ಎಳೆದು ಟಾಸ್ಕ್‌ಬಾರಿನ ಐಕಾನಿನ ಮೇಲೆ ಹಿಡಿದು ಆ ತಂತ್ರಾಂಶದ ಕಿಟಕಿಗೆ ಬಿಡುವ ಅಭ್ಯಾಸವೂ ಕೈಕೊಟ್ಟಿತು. ಹದಿನೈದಿಪ್ಪತ್ತು ವರ್ಷಗಳ ಕೈರೂಢಿಯನ್ನು ಒಂದೇ ದಿನಕ್ಕೆ ಬಿಡಿ ಎಂದರೆ ಯಾರು ಕೇಳುತ್ತಾರೆ? ದೂರುಗಳು ಬಂದವು, ಕಳೆದದ್ದು ಕಂತು ಕಂತಾಗಿ ಮರಳಿತು. ಎಳೆದು ಬಿಡುವ ಸೌಲಭ್ಯ 2022ರ ಸೆಪ್ಟೆಂಬರ್‌ನ ಆವೃತ್ತಿಯಲ್ಲಿ, ಹೆಸರು ಸಹಿತ ಬಿಡಿ ಬಟನ್ನುಗಳು 2023ರಲ್ಲಿ. ಚಿಕ್ಕ ಐಕಾನ್ 2025ರಲ್ಲಿ ಬಂದರೂ ಅದು ಅರೆಮನಸ್ಸಿನ ಕೊಡುಗೆ. ಐಕಾನ್ ಕುಗ್ಗುತ್ತದೆ, ಪಟ್ಟಿಯ ಎತ್ತರ ಹಾಗೇ ಇರುತ್ತದೆ.

ಈಗ ಇವನ್ನೆಲ್ಲ ಬದಲಿಸುವ ಜಾಗ ಒಂದೇ. ಟಾಸ್ಕ್‌ಬಾರಿನ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ಟಾಸ್ಕ್‌ಬಾರ್ ಸೆಟ್ಟಿಂಗ್ಸ್ ತೆರೆದು, ಕೊನೆಯಲ್ಲಿರುವ ಟಾಸ್ಕ್‌ಬಾರ್ ಬಿಹೇವಿಯರ್ಸ್ ಭಾಗವನ್ನು ಬಿಡಿಸಬೇಕು. ಐಕಾನ್‌ಗಳನ್ನು ಎಡಕ್ಕೆ ತರುವುದು, ಬ್ಯಾಡ್ಜ್ ತೋರಿಸುವುದು, ಗಮನ ಸೆಳೆಯಲು ಐಕಾನ್ ಮಿನುಗುವುದನ್ನು ನಿಲ್ಲಿಸುವುದು, ಗುಂಪು ಮಾಡುವುದು ಎಲ್ಲ ಅಲ್ಲಿವೆ. ಎರಡು ಪರದೆ ಇಟ್ಟುಕೊಂಡವರು ಒಂದು ಕಿಟಕಿಯ ಐಕಾನ್ ಎರಡೂ ಪರದೆಯಲ್ಲಿ ಕಾಣಬೇಕೋ ಕಿಟಕಿ ಇರುವ ಪರದೆಯಲ್ಲಿ ಮಾತ್ರವೋ ಎಂದು ಅಲ್ಲೇ ಹೇಳಬಹುದು. ಎರಡನೆಯ ಪರದೆಗೆ ಗುಂಪು ಮಾಡುವ ಬಗೆಯನ್ನೂ ಬೇರೆಯಾಗಿ ಇಡಬಹುದು. ಗಡಿಯಾರದ ಪಕ್ಕದ ಗೂಡಿನಲ್ಲಿ ಯಾವ ಐಕಾನ್ ಹೊರಗಿರಬೇಕು, ಯಾವುದು ಮೇಲ್ಮುಖ ಬಾಣದ ಹಿಂದೆ ಅಡಗಬೇಕು ಎಂಬುದಕ್ಕೆ ಅದೇ ಪುಟದಲ್ಲಿ ಪ್ರತ್ಯೇಕ ಪಟ್ಟಿಯಿದೆ.

ಸೆಟ್ಟಿಂಗ್ಸ್ ಕೊಡದಿದ್ದನ್ನು ಹೊರಗಿನ ತಂತ್ರಾಂಶಗಳು ಕೊಡುತ್ತವೆ. ಎಕ್ಸ್‌ಪ್ಲೋರರ್‌ಪ್ಯಾಚರ್, ಸ್ಟಾರ್ಟ್‌ಆಲ್‌ಬ್ಯಾಕ್, ಸ್ಟಾರ್‌ಡಾಕ್ ಸಂಸ್ಥೆಯ ಸ್ಟಾರ್ಟ್11, ವಿಂಡ್‌ಹಾಕ್ ಮುಂತಾದವು ಹೆಸರಾಗಿವೆ. ವಿಂಡೋಸ್‌ನ ಒಳಭಾಗಕ್ಕೆ ಕೈ ಹಾಕುವುದರಿಂದ ದೊಡ್ಡ ಅಪ್‌ಡೇಟ್ ಬಂದ ಮರುದಿನ ಇವು ಕೆಲಸ ನಿಲ್ಲಿಸುವುದೂ, ಟಾಸ್ಕ್‌ಬಾರೇ ಕಾಣದಂತಾಗುವುದೂ ಉಂಟು. ಕಚೇರಿಯ ಕಂಪ್ಯೂಟರಿಗೆ ಇವು ತಕ್ಕವಲ್ಲ.

ಬೇರೆ ವ್ಯವಸ್ಥೆಗಳು

ಮ್ಯಾಕ್‌ನ ಡಾಕ್ ಕೆಳಗೆ, ಎಡಕ್ಕೆ, ಬಲಕ್ಕೆ ನಿಲ್ಲುತ್ತದೆ, ಮೇಲಕ್ಕಿಲ್ಲ. ಐಕಾನ್ ಗಾತ್ರವನ್ನು ಎಳೆದು ಹಿಗ್ಗಿಸಬಹುದು, ಮೌಸ್ ಹತ್ತಿರ ಬಂದಾಗ ಉಬ್ಬುವಂತೆಯೂ ಮಾಡಬಹುದು. ಮಿನಿಮೈಸ್ ಆದ ಕಿಟಕಿಗಳು ಡಾಕಿನ ಕೊನೆಯಲ್ಲಿ ಗುಂಪುಗೂಡುವುದು ಬೇಡವೆಂದರೆ ಅವನ್ನು ಆಯಾ ತಂತ್ರಾಂಶದ ಐಕಾನಿನೊಳಗೇ ಸೇರಿಸುವ ಆಯ್ಕೆ 2009ರಿಂದ ಇದೆ. ಕಿಟಕಿಯ ಹೆಸರು ಬರೆದ ಬಟನ್ ಮಾತ್ರ ಅಲ್ಲಿ ಸಿಗದು.

ಲಿನಕ್ಸ್‌ನಲ್ಲಿ ಮನೆಗೊಂದು ಪದ್ಧತಿ. ಗ್ನೋಮ್ 2011ರ ತನ್ನ ಮೂರನೆಯ ಆವೃತ್ತಿಯಲ್ಲಿ ಟಾಸ್ಕ್‌ಬಾರನ್ನೇ ಕೈಬಿಟ್ಟಿತು. ಬೇಕೆನ್ನುವವರು ಡ್ಯಾಶ್ ಟು ಡಾಕ್, ಡ್ಯಾಶ್ ಟು ಪ್ಯಾನೆಲ್ ಎಂಬ ವಿಸ್ತರಣೆಗಳನ್ನು ಹಾಕಿಕೊಳ್ಳುತ್ತಾರೆ. ಉಬುಂಟು 2017ರ ಅಕ್ಟೋಬರ್‌ನಿಂದ ತನ್ನದೇ ಡಾಕ್ ಜೋಡಿಸಿ ಕೊಡುತ್ತಿದೆ. ಕೆಡಿಇ ಪ್ಲಾಸ್ಮಾ ಈ ವಿಷಯದಲ್ಲಿ ಅತ್ಯಂತ ಉದಾರಿ. ಐಕಾನ್ ಮಾತ್ರ ಇರುವ ಪಟ್ಟಿ, ಹೆಸರಿನ ಪಟ್ಟಿ ಎರಡೂ ಇವೆ, ಎಷ್ಟು ಸಾಲು ಬೇಕೆಂದೂ ಹೇಳಬಹುದು, ನಾಲ್ಕು ಅಂಚುಗಳಲ್ಲಿ ಎಲ್ಲಿಗಾದರೂ ಒಯ್ಯಬಹುದು.

ಕನ್ನಡದ ಹೆಸರುಗಳು

ಹೆಸರು ಸಹಿತ ಬಟನ್ ಬಳಸುವ ಕನ್ನಡಿಗರಿಗೆ ಎರಡು ತೊಡಕು ಎದುರಾಗುತ್ತವೆ. ಟಾಸ್ಕ್‌ಬಾರ್ ಹೆಸರನ್ನು ವಿಂಡೋಸ್‌ನ ಸ್ವಂತ ಫಾಂಟಿನಲ್ಲಿ ಬರೆಯುತ್ತದೆ. ಕನ್ನಡಕ್ಕೆ ಎಕ್ಸ್‌ಪಿ ಕಾಲದಲ್ಲಿ ತುಂಗಾ, ವಿಂಡೋಸ್ 8ರಿಂದ ನಿರ್ಮಲಾ ಯುಐ. ಯೂನಿಕೋಡಿನಲ್ಲಿ ಹೆಸರಿಟ್ಟ ಕಡತ ಸರಿಯಾಗಿ ಕಾಣುತ್ತದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಅಕ್ಷರಗಳಲ್ಲಿ ಹೆಸರಿಟ್ಟಿದ್ದರೆ ಅಲ್ಲಿ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಒಳಗಿನ ಪಠ್ಯ ಆಸ್ಕಿಯಲ್ಲೇ ಇರಲಿ, ಕಡತದ ಹೆಸರನ್ನಾದರೂ ಯೂನಿಕೋಡಿನಲ್ಲಿ ಇಡುವುದು ಒಳ್ಳೆಯದು. ವಿಂಡೋಸ್ 10ರ 2019ರ ಮೇ ಅಪ್‌ಡೇಟಿನಿಂದ ಕನ್ನಡದ ಫೊನೆಟಿಕ್ ಕೀಲಿಮಣೆಯೂ ಅದರಲ್ಲೇ ಬರುತ್ತಿದೆ. ವಿಂಡೋಸ್ ಕೀಲಿಯ ಜೊತೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ, ಯಾವ ಭಾಷೆಯಲ್ಲಿದ್ದೇವೆ ಎಂಬ ಗುರುತು ಗಡಿಯಾರದ ಪಕ್ಕದಲ್ಲೇ ಇರುತ್ತದೆ.

ಎರಡನೆಯ ತೊಡಕು ಹೆಸರಿನ ಉದ್ದದ್ದು. ಒತ್ತಕ್ಷರಗಳ ಕನ್ನಡ ಹೆಸರು ಬಟನ್ನಿನಲ್ಲಿ ಹಿಡಿಸದೆ ಬಾಲ ಕತ್ತರಿಸಿಹೋಗುತ್ತದೆ. 'ಗ್ರಾಮ ಪಂಚಾಯಿತಿ ಸಭಾ ನಡವಳಿ ಏಪ್ರಿಲ್', 'ಗ್ರಾಮ ಪಂಚಾಯಿತಿ ಸಭಾ ನಡವಳಿ ಮೇ' ಎಂಬ ಎರಡು ಕಡತ ತೆರೆದರೆ ಟಾಸ್ಕ್‌ಬಾರಿನಲ್ಲಿ ಎರಡೂ 'ಗ್ರಾಮ ಪಂಚಾಯಿತಿ…' ಎಂದೇ ಕಾಣುತ್ತವೆ. ಇದಕ್ಕೆ ಯಾವ ಸೆಟ್ಟಿಂಗ್ಸೂ ಬೇಡ. ಕಡತಕ್ಕೆ ಹೆಸರಿಡುವಾಗ ಬೇರೆಯಾಗುವ ಪದವನ್ನು ಮೊದಲು ಬರೆಯಿರಿ: 'ಏಪ್ರಿಲ್ ನಡವಳಿ', 'ಮೇ ನಡವಳಿ'.